ಸೈಲೆನ್ಸರ್ ಹಾಕಿದ ಮೇಲೆ ಉಳಿಯುವ ಸದ್ದು

ನನ್ನ ಕೆಲಸ ಬೇರೆಯವರ ಕಿವಿ ಪರೀಕ್ಷೆ ಮಾಡುವುದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಸುತ್ತಲಿನ ಕಾರ್ಖಾನೆಗಳಿಂದ ಗಂಡಸರು ಬಸ್ಸುಗಟ್ಟಲೆ ಬರುತ್ತಾರೆ. ಅವರನ್ನು ಒಬ್ಬೊಬ್ಬರಾಗಿ ಗಾಜಿನ ಕಿಟಕಿಯಿರುವ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು ದಪ್ಪ ಬಾಗಿಲು ಮುಚ್ಚುತ್ತೇನೆ. ಆಮೇಲೆ ಹೊರಗೆ ಮೆಷಿನ್ನಿನ ಮುಂದೆ ಕೂತು ಒಂದೊಂದೇ ಬೀಪ್ ಕಳಿಸುತ್ತೇನೆ. ಕೇಳಿಸಿದರೆ ಅವರು ಬಟನ್ ಒತ್ತಬೇಕು. ಒತ್ತಿದರೆ ನನ್ನೆದುರು ಒಂದು ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಬೀಪನ್ನು ಸಣ್ಣದು ಮಾಡುತ್ತಾ ಹೋಗಿ, ದೀಪ ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾಗದದ ಮೇಲೆ ಒಂದು ಗುರುತು ಹಾಕುತ್ತೇನೆ. ಇಷ್ಟಕ್ಕೇ ನನಗೆ ಸಂಬಳ.

ಮೋಸ ಮಾಡಲು ನೋಡದವರು ಕಡಿಮೆ. ಕೆಲವರು ಗಾಜಿನಾಚೆಯಿಂದ ನನ್ನ ಭುಜ ಅಲುಗುವುದನ್ನೇ ಕಾಯುತ್ತಾರೆ. ಅದಕ್ಕೇ ನಾನು ಮೇಜಿನ ಕೆಳಗೆ ಕೈ ಇಟ್ಟುಕೊಳ್ಳುವ ಹಾಗೆ ಬೀಪ್ ಕಳಿಸುವ ಕೀಲಿಯನ್ನು ಜೋಡಿಸಿಕೊಂಡಿದ್ದೇನೆ. ಇನ್ನು ಕೆಲವರು ಲೆಕ್ಕ ಹಾಕಿ ಒತ್ತುತ್ತಾರೆ: ಮೂರು ಸೆಕೆಂಡಿಗೊಂದು ಬೀಪ್ ಬರುತ್ತಿದ್ದರೆ, ಕೇಳಿಸಲಿ ಬಿಡಲಿ, ಮೂರು ಸೆಕೆಂಡಿಗೊಂದು ಸಲ ಒತ್ತುವುದು. ಆದ್ದರಿಂದ ಬೀಪುಗಳ ನಡುವಿನ ಬಿಡುವು ಎಂದೂ ಒಂದೇ ಸಮನಾಗಿರಬಾರದು, ಒಮ್ಮೆ ಎರಡು ಸೆಕೆಂಡಾದರೆ ಇನ್ನೊಮ್ಮೆ ಆರು, ಮತ್ತೊಮ್ಮೆ ಮೂರು. ತರಬೇತಿಯ ಮೊದಲ ದಿನ ಕಲಿಸುವ ಪಾಠ ಇದು.

ಈ ಮೋಸದ ಹಿಂದಿರುವುದು ಒಂದೇ ಭಯ. ಕಿವಿ ಹೋಗಿದೆ ಎಂದು ಕಾಗದದಲ್ಲಿ ಬಂದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಕ್ಯಾನ್ಸಲ್. ಇದು ನಿಜವೋ ಸುಳ್ಳೋ ಎಂದು ಇಲ್ಲಿ ಯಾರೂ ಕೇಳಿ ನೋಡುವುದಿಲ್ಲ. ಕೇಳಿದರೆ ಎಲ್ಲಿ ತಮ್ಮ ಹೆಸರು ಕಣ್ಣಿಗೆ ಬೀಳುತ್ತದೋ ಎಂದು ಅದಕ್ಕೂ ಹೆದರಿಕೆ. ನನಗೂ ಅದೇ ಹೆದರಿಕೆ ಇದೆ, ನಾನೂ ಇಲ್ಲಿ ವೀಸಾದ ಮೇಲೆಯೇ ಇರುವವಳು.

ನಾನು ಸಿಡುಕಿನವಳು, ಒಪ್ಪುತ್ತೇನೆ. ಆದರೆ ಆ ಸಿಡುಕೂ ಈಗೀಗ ಬಾಯಿಗಷ್ಟೇ. ಬೆಳಿಗ್ಗೆ ಸತ್ವಾದ ಬಾಡಿಗೆ ಕೋಣೆಯಿಂದ ಹೊರಟು, ಮೆಟ್ರೋ ಇಳಿದು ಬಸ್ಸು ಹತ್ತಿ, ದಿನಕ್ಕೆ ಮೂವತ್ತು ಜನರ ಕಿವಿ ನೋಡಿ, ಕೆಟ್ಟಿದ್ದರೆ ಕೆಟ್ಟಿದೆ ಎಂದು ಬರೆದು, ಅದೇ ದಾರಿಯಲ್ಲಿ ವಾಪಸ್ಸು ಬರುತ್ತೇನೆ. ಮೊದಲ ವರ್ಷ ಒಬ್ಬ ವೆಲ್ಡರನ ಕಾಗದ ಬರೆದು ಟಾಯ್ಲೆಟ್ಟಿಗೆ ಹೋಗಿ ಅತ್ತಿದ್ದೆ. ಆಮೇಲೆ ಅತ್ತ ನೆನಪಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಅವರು ಬಂದರು. ಐವತ್ತು ದಾಟಿದ, ನೆಟ್ಟಗೆ ನಡೆಯುವ ಮನುಷ್ಯ. ನಾನು ರಿಸೆಪ್ಶನ್ನಿನ ಹುಡುಗಿಯ ಮೇಲೆ ಕನ್ನಡದಲ್ಲಿ ಗೊಣಗಿಕೊಂಡದ್ದು ಅವರ ಕಿವಿಗೆ ಬಿತ್ತು. ಬಲಗಿವಿಗೆ ಎಂದು ಆಮೇಲೆ ಗೊತ್ತಾಯಿತು.

"ಅಕ್ಕಾರ, ನೀವು ಉಡುಪಿ ಕಡೀಯವ್ರೇನ್ರಿ?"

"ಹೌದು. ನೀವು?"

"ಗದಗ ಕಡೀಯವ್ರಿ. ಇಪ್ಪತ್ತು ವರ್ಷ ಮಿಲಿಟರ್‍ಯಾಗ ಇದ್ದೆ. ಈಗ ಅಬುಧಾಬಿ ರೋಡಿನ್ಯಾಗ ಒಂದು ರೇಂಜಿನ್ಯಾಗ ಅದೀನಿ."

ಶೂಟಿಂಗ್ ರೇಂಜಿನಲ್ಲಿ ಅವರದು ಬಂದೂಕು ಪರೀಕ್ಷೆ ಮಾಡುವ ಕೆಲಸ. ಆ ವರ್ಷ ಸೈಲೆನ್ಸರುಗಳ ಪರೀಕ್ಷೆ ನಡೆಯುತ್ತಿತ್ತಂತೆ. ಬಂದೂಕಿಗೆ ಅದನ್ನು ಹಾಕಿ ಹತ್ತು ಗುಂಡು, ಹಾಕದೆ ಹತ್ತು ಗುಂಡು ಹೊಡೆಯುವುದು, ಪ್ರತಿ ಸಲವೂ ಗುಂಡಿನ ವೇಗ ಎಷ್ಟು, ಸದ್ದು ಎಷ್ಟು ಎಂದು ಬರೆದಿಡುವುದು. ಸದ್ದು ನನ್ನ ವಿಷಯವಾದ್ದರಿಂದ ನಾನೂ ಕೇಳಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ 'ಪುಸಕ್' ಅನ್ನುತ್ತದಾ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಆ ಸಿನಿಮಾ ಮಂದಿನ್ನ ಹಿಡಕೊಂಡು ಬಂದು ನಮ್ಮ ಲೇನಿನ್ಯಾಗ ನಿಲ್ಲಸಬೇಕ್ರಿ. ನೀವು ಕುಕ್ಕರಿನ ಉಗಿ ಇಳಿಯೂಕಿಂತ ಮೊದಲ ಮುಚ್ಚಳಾ ತಗದ್ರ ಏನಾಗತೈತಿ? ಬಂದೂಕೂ ಹಂಗ. ಗುಂಡಿನ ಹಿಂದ ಬಿಸಿ ಗ್ಯಾಸ್ ಇರತೈತಿ, ಅದು ಒಮ್ಮಿಂದೊಮ್ಮೆ ಹೊರಗ ಬಿದ್ದಾಗ ಢಂ ಅಂತೈತಿ. ಈ ಸೈಲೆನ್ಸರ್ ಡಬ್ಬಿ ಆ ಉಗೀನ ಒಳಗ ಹಿಡದು ಸಾವಕಾಶ ಬಿಡತೈತಿ, ಅಷ್ಟ."

"ಹಾಗಾದ್ರೆ ಗುಂಡಿನ ಸ್ಪೀಡೂ ಕಮ್ಮಿ ಆಗ್ತದಾ?"

"ಎಲ್ಲಾರೂ ಇದನ್ನ ಕೇಳ್ತಾರ ನೋಡ್ರಿ. ಇಲ್ಲ. ಡಬ್ಬಿ ಗುಂಡಿಗೆ ತಾಗೂದ ಇಲ್ಲ. ಗ್ಯಾಸ್ ಇನ್ನೊಂದೀಟು ಹೊತ್ತು ಹಿಂದಿಂದ ದಬ್ಬತೈತೆಲ್ಲಾ, ಅದಕ್ಕ ಭಾಳ ಸಲ ಕೂದಲೆಳಿಯಷ್ಟು ಜೋರನ ಹೋಗತೈತಿ. ಮತ್ತ ಗುಂಡು ಸಪ್ಪಳದಕಿಂತ ಜೋರ ಓಡತಿದ್ರ, ದಾರಿ ತುಂಬ ಚಟೀರಂತ ಸಪ್ಪಳಾ ಮಾಡಕೋತನ ಹೋಗತೈತಿ. ಅದನ್ನ ಯಾ ಡಬ್ಬೀನೂ ಹಿಡಿಯಂಗಿಲ್ಲ. ಅದು ಹೋಗಬೇಕಂದ್ರ ಮೆಲ್ಲಕ ಹೋಗೂ ಬ್ಯಾರೆ ಗುಂಡಿನ ತೋಟಾ ಹಾಕಬೇಕು."

ಅಂದರೆ ಬಂದೂಕಿಗೆ ಎರಡು ಸದ್ದು, ಒಂದು ಬಾಯಿಯದು, ಒಂದು ದಾರಿಯದು. ಡಬ್ಬಿ ಕಡಿಮೆ ಮಾಡುವುದು ಬಾಯಿಯದನ್ನು ಮಾತ್ರ. ಅಷ್ಟು ವರ್ಷದಲ್ಲಿ ನನಗೆ ಯಾರೂ ಯಾವ ವಿಷಯವನ್ನೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಕಾಲೇಜಿನ ಮೇಷ್ಟರಾಗಬೇಕಿತ್ತು ನೀವು ಎಂದೆ. ಅವರು ನಾಚಿಕೊಂಡರು.

ಪರೀಕ್ಷೆಗೆ ಕೂರಿಸಿದೆ. ಬಲಗಿವಿ ಅವರ ವಯಸ್ಸಿಗೆ ತಕ್ಕ ಹಾಗಿತ್ತು, ಚೆನ್ನಾಗಿಯೇ ಇತ್ತು ಎನ್ನಬೇಕು. ಎಡಗಿವಿಯಲ್ಲಿ ಎತ್ತರದ ಸ್ವರಗಳು ಸತ್ತಿದ್ದವು. ಬಲಗೈಯವರು ಬಂದೂಕು ಹಿಡಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗಿರುತ್ತದೆ, ಮೊದಲು ಹೋಗುವುದು ಅದೇ. ಬಾಗಿಲು ತೆಗೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮಗಳು ಈಗ ಹನ್ನೆರಡನೇತ್ತಾ ಅದಾಳ್ರಿ. ನನ್ನ ವೀಸಾದ ಮ್ಯಾಲೆನ ಅವಳೂ ಅವರವ್ವಾನೂ ಅದಾರ. ನಡು ವರ್ಷದಾಗ ಸಾಲಿ ಬಿಡಿಸಿ ಎಲ್ಲಿಗೆ ಕರಕೊಂಡು ಹೋಗ್ಲಿ? ಇದೊಂದು ವರ್ಷ ನೋಡ್ರಿ ಅಕ್ಕಾರ. ಮುಂದಿನ ವರ್ಷ ನೀವು ಏನ್ ಬೇಕಾದ್ರೂ ಬರೀರಿ."

"ಹಾಗೆಲ್ಲ ಆಗುದಿಲ್ಲ ಅಣ್ಣ. ನನ್ನ ಕೆಲಸ ಹೋಗ್ತದೆ."

"ಹೌದ್ರಿ, ಅದೂ ಖರೇನ," ಎಂದರು. ಮತ್ತೆ ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ನಾನು ರೇಗಿ ಕಳಿಸಿಬಿಡುತ್ತಿದ್ದೆ, ಆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

"ಇನ್ನೊಂದು ಸಲ ಕೂತುಕೊಳ್ಳಿ, ಎಡಗಿವಿಗೆ ಮಾತ್ರ," ಎಂದೆ. ಬಾಗಿಲು ಮುಚ್ಚಿದೆ. ಈ ಸಲ ಮೂರು ಸೆಕೆಂಡಿಗೊಂದು ಬೀಪ್ ಕಳಿಸಿದೆ, ಗಡಿಯಾರದ ಹಾಗೆ. ಮೊದಲ ಕೆಲವನ್ನು ದೊಡ್ಡದಾಗಿ ಕಳಿಸಿ ಅವರಿಗೆ ತಾಳ ಹಿಡಿಸಿದೆ, ಆಮೇಲೆ ಸಣ್ಣದು ಮಾಡುತ್ತಾ ಹೋದೆ. ಮಿಲಿಟರಿಯಲ್ಲಿ ಹೆಜ್ಜೆ ಹಾಕಿದ ಮನುಷ್ಯ, ಒಂದು ಸಲವೂ ತಪ್ಪಲಿಲ್ಲ. ಹಸಿರು ದೀಪ ಸರಿಯಾಗಿ ಹೊತ್ತುತ್ತಾ ಹೋಯಿತು. ಗುರುತುಗಳನ್ನು ಹಾಕಿದೆ. ನಮ್ಮ ಡಾಕ್ಟರು ಕಾಗದವನ್ನು ಎರಡು ಕ್ಷಣ ನೋಡಿ ಫಿಟ್ ಎಂದು ಸೀಲು ಒತ್ತಿದರು.

ಮಾರನೇ ವಾರ ರಿಸೆಪ್ಶನ್ನಿನಲ್ಲಿ ನನಗೊಂದು ಪೊಟ್ಟಣ ಬಂದಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹದಿನೈದು ದಿನ ತಿಂದೆ. ಒಳ್ಳೆಯದು ಮಾಡಿದೆ ಎಂದೂ ಅನ್ನಿಸಲಿಲ್ಲ, ತಪ್ಪು ಮಾಡಿದೆ ಎಂದೂ ಅನ್ನಿಸಲಿಲ್ಲ. ಚಟ್ನಿಪುಡಿ ಚೆನ್ನಾಗಿತ್ತು.

ನವೆಂಬರಿನಲ್ಲಿ ಅದೇ ರೇಂಜಿನ ಸದ್ದು ಅಳೆಯಲು ಕ್ಲಿನಿಕ್ಕಿಗೆ ಕರೆ ಬಂತು. ವರ್ಷಕ್ಕೊಮ್ಮೆ ಇಂಥ ಸರ್ವೆ ಮಾಡಿಸಬೇಕು, ಆ ಸಲ ಹೋಗಬೇಕಾದವರು ರಜೆಯಲ್ಲಿದ್ದರು. ಮೀಟರಿನ ಪೆಟ್ಟಿಗೆ ಹೊತ್ತುಕೊಂಡು ನಾನು ಹೋದೆ.

ಅಣ್ಣ ನನ್ನನ್ನು ನೋಡಿ ಮನೆಗೆ ನೆಂಟರು ಬಂದಷ್ಟು ಖುಷಿಪಟ್ಟರು. ಒಳಾಂಗಣದ ಉದ್ದನೆಯ ಲೇನು. ಗುಂಡು ಒಂದು ಚೌಕಟ್ಟಿನೊಳಗಿಂದ ಹಾದುಹೋದರೆ ಅದರ ವೇಗ ಪಕ್ಕದ ಪರದೆಯ ಮೇಲೆ ಬರುತ್ತಿತ್ತು. ಹಿಂದೆ ಕೂತ ಗುಮಾಸ್ತ ಆ ಸಂಖ್ಯೆಯನ್ನು ಕೂಗಿ ಹೇಳುತ್ತಿದ್ದ, ಅಣ್ಣ ಅದನ್ನೇ ತಿರುಗಿ ಕೂಗುತ್ತಿದ್ದರು, ಆಗ ಅವನು ಬರೆದುಕೊಳ್ಳುತ್ತಿದ್ದ. ಬರಹದಲ್ಲಿ ತಪ್ಪಾಗಬಾರದೆಂದು ಅವರೇ ಮಾಡಿಕೊಂಡ ಪದ್ಧತಿ ಅದು.

ನಾನು ಕಿವಿಗೆ ಪ್ಲಗ್ ಹಾಕಿ, ಅದರ ಮೇಲೆ ಇಡೀ ಕಿವಿ ಮುಚ್ಚುವ ದಪ್ಪನೆಯ ಮಫ್ ಹಾಕಿಕೊಂಡಿದ್ದೆ. ಡಬ್ಬಿ ಇಲ್ಲದೆ ಹೊಡೆದಾಗ ಸದ್ದು ಎದೆಗೇ ಬಂದು ಗುದ್ದಿತು. ಮೀಟರು ನೂರ ಅರವತ್ತರ ಹತ್ತಿರ ಹೋಯಿತು. ಡಬ್ಬಿ ಹಾಕಿ ಹೊಡೆದಾಗ ನೂರ ಮೂವತ್ತರ ಮೇಲೆ ನಿಂತಿತು. ಮೂವತ್ತು ಡೆಸಿಬೆಲ್ ಇಳಿಯಿತೆಂದರೆ ಸದ್ದಿನ ಶಕ್ತಿ ಸಾವಿರ ಪಾಲಿನಲ್ಲಿ ಒಂದು ಪಾಲಿಗೆ ಇಳಿದ ಹಾಗೆ. ಡಬ್ಬಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಗುಂಡಿನ ವೇಗ ಅವರು ಹೇಳಿದ ಹಾಗೆ ಕೂದಲೆಳೆಯಷ್ಟು ಹೆಚ್ಚೇ ಆಗಿತ್ತು. ಆದರೆ ಸಾವಿರದಲ್ಲಿ ಒಂದು ಪಾಲಾಗಿಯೂ ಆ ಸದ್ದು ರಸ್ತೆ ಒಡೆಯುವ ಡ್ರಿಲ್ಲಿಗಿಂತ ಜೋರಾಗಿತ್ತು. ಕಿವಿ ಮುಚ್ಚದೆ ದಿನಕ್ಕೆ ನೂರು ಸಲ ಕೇಳುವಂಥದ್ದಲ್ಲ.

ಆಗಲೇ ಅಣ್ಣನ ಮಫ್ ನೋಡಿದ್ದು. ಡಬ್ಬಿ ಹಾಕಿದ ಸರದಿ ಬಂದಾಗಲೆಲ್ಲ ಅವರು ಬಲಗಡೆಯ ಮಫನ್ನು ಮೇಲಕ್ಕೆ ಸರಿಸಿ ಬಲಗಿವಿಯನ್ನು ತೆರೆದಿಟ್ಟುಕೊಳ್ಳುತ್ತಿದ್ದರು. ಗುಮಾಸ್ತನ ಕೂಗು ಕೇಳಬೇಕಲ್ಲ. ಹಿಂದೆ ಎರಡೂ ಕಿವಿ ನೆಟ್ಟಗಿದ್ದಾಗ ಮಫ್ ಹಾಕಿಕೊಂಡೇ ಕೇಳಿಸುತ್ತಿತ್ತು. ಈಗ ಒಂದೇ ಕಿವಿ ಉಳಿದಿತ್ತು, ಅದನ್ನೂ ಮುಚ್ಚಿದರೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸುವುದಿಲ್ಲ ಎಂದು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ, ಕಾಗದದಲ್ಲಿ ಫಿಟ್ ಎಂದಿತ್ತು.

ಬಿಡುವಿನಲ್ಲಿ ಗದರಿದೆ. "ಎಂತ ಮಾಡ್ತಿದ್ದೀರಿ ಮಾರಾಯ್ರೆ? ಮಫ್ ಕೆಳಗೆ ಎಳೀರಿ."

"ಡಬ್ಬಿ ಹಾಕೀನಲ್ರೀ. ಇದೇನ್ ಸಪ್ಪಳಾ? ಲಗ್ನದಾಗ ಇದಕಿಂತ ದೊಡ್ಡ ಪಟಾಕಿ ಹಚ್ಚತಾರ."

"ಆ ದಿನ ನೀವೇ ಹೇಳಿದ್ದಲ್ಲವಾ, ಡಬ್ಬಿ ಹಾಕಿದರೂ ಸದ್ದು ಉಳೀತದೆ ಅಂತ?"

"ಮಂದಿಗೆ ಹೇಳೂದು ಬ್ಯಾರೆ ತಂಗಿ," ಎಂದು ನಕ್ಕರು. ಅಕ್ಕಾರ ಹೋಗಿ ಅಷ್ಟರಲ್ಲಿ ತಂಗಿಯಾಗಿದ್ದೆ.

ಹೊರಡುವ ಮೊದಲು ಸೇಫ್ಟಿ ಆಫೀಸರ್ ಚಹಾ ಕೊಟ್ಟರು. ಕೇರಳದ ಹೆಂಗಸು, ಚುರುಕಿನವರು. ಹಿಂದಿಯಲ್ಲಿ ಮಾತಾಡುತ್ತಾ ನಾನು ಯಾರ ಹೆಸರೂ ಎತ್ತದೆ, ಹೀಗೇ ಸುಮ್ಮನೆ ಕೇಳಿದ ಹಾಗೆ, ಇಲ್ಲಿ ಯಾರದಾದರೂ ಕಿವಿ ಹೋದರೆ ಏನು ಮಾಡುತ್ತೀರಿ ಎಂದೆ.

"ಮಾಡುವುದೇನು? ಸ್ಟೋರಿಗೆ ಹಾಕುತ್ತೇವೆ. ಹೋದ ವರ್ಷ ಒಬ್ಬರನ್ನು ಹಾಕಿದೆವು, ಅದೇ ಸಂಬಳ, ಅದೇ ವೀಸಾ. ಪೆಟ್ಟಿಗೆ ಎಣಿಸಿಕೊಂಡು ಆರಾಮಾಗಿದ್ದಾರೆ. ಅನುಭವ ಇರುವವರನ್ನು ಯಾರಾದರೂ ಕಳೆದುಕೊಳ್ಳುತ್ತಾರಾ?"

ಚಹಾ ಮುಗಿಸಿದೆ. ಲೋಟವನ್ನು ಬುಟ್ಟಿಗೆ ಹಾಕಿದೆ. ಕಿಟಕಿಯಾಚೆ ಅಣ್ಣ ಯಾರಿಗೋ ಕೈ ಬೀಸುತ್ತಿದ್ದರು. ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು: ಆ ಮನುಷ್ಯನ ಎಡಗಿವಿ ಮೇ ತಿಂಗಳಲ್ಲೇ ಹೋಗಿತ್ತು, ಕಾಗದ ತಪ್ಪು, ಇವತ್ತೇ ಸ್ಟೋರಿಗೆ ಹಾಕಿ, ಬಲಗಿವಿ ಇನ್ನೂ ಇದೆ. ಹೇಳಿದರೆ ಕಾಗದ ಬರೆದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ನನ್ನ ಲೈಸೆನ್ಸು, ನನ್ನ ವೀಸಾ, ಸತ್ವಾದ ನನ್ನ ಕೋಣೆ. ಅಣ್ಣನನ್ನೇ ಪಕ್ಕಕ್ಕೆ ಕರೆದು ನೀವೇ ಹೋಗಿ ಹೇಳಿಕೊಳ್ಳಿ, ನಿಮ್ಮನ್ನು ಯಾರೂ ಮನೆಗೆ ಕಳಿಸುವುದಿಲ್ಲ ಎನ್ನಬಹುದಿತ್ತು. ಅದನ್ನೂ ಮಾಡಲಿಲ್ಲ. ಸೇಫ್ಟಿ ಆಫೀಸರರ ಕೈಯಿಂದ ಸಹಿ ಹಾಕಿಸಿಕೊಂಡು ಕಾರು ಹತ್ತಿದೆ. ಎಲ್ಲರೂ ಮಫ್ ಕಡ್ಡಾಯವಾಗಿ ಹಾಕತಕ್ಕದ್ದು ಎಂದು ರಿಪೋರ್ಟಿನಲ್ಲಿ ಒಂದು ಸಾಲು ಬರೆದೆ. ಆ ಸಾಲನ್ನು ನಾನು ಪ್ರತಿ ರಿಪೋರ್ಟಿನಲ್ಲೂ ಬರೆಯುತ್ತೇನೆ, ಅದನ್ನು ಓದಿದವರು ಯಾರೂ ಇಲ್ಲ.

ಮೇ ತಿಂಗಳಲ್ಲಿ ಮಾಡಿದ್ದನ್ನು ಕರುಣೆ ಎಂದುಕೊಂಡಿದ್ದೆ. ನವೆಂಬರಿನದಕ್ಕೆ ಹೆಸರು ಹುಡುಕಲಿಲ್ಲ. ಫೋನಿನಲ್ಲಿ ಅವರ ನಂಬರು ಇತ್ತು, ಹೊಸ ವರ್ಷಕ್ಕೆ ಅವರು ಕಳಿಸಿದ ಹೂವಿನ ಚಿತ್ರಕ್ಕೆ ಕೈ ಮುಗಿದ ಗುರುತನ್ನೂ ಕಳಿಸಿದೆ. ದಿನವೂ ಅದೇ ಬಸ್ಸು, ಅದೇ ಮೆಟ್ರೋ. ನಿದ್ದೆಯೂ ಕೆಡಲಿಲ್ಲ. ನಿದ್ದೆ ಕೆಡಲಿಲ್ಲವಲ್ಲ ಎಂಬುದೊಂದೇ ಆಗಾಗ ನನ್ನನ್ನು ಹೆದರಿಸುತ್ತಿತ್ತು.

ಈ ವರ್ಷದ ಮೇ ತಿಂಗಳಲ್ಲಿ ಅವರು ಮತ್ತೆ ಬಂದರು, ಜೊತೆಯಲ್ಲಿ ಮಗಳೂ ಇದ್ದಳು. ಹನ್ನೆರಡನೇ ತರಗತಿ ಚೆನ್ನಾಗಿ ಮುಗಿಸಿದ್ದಳು, ಫಲಿತಾಂಶ ಬಂದು ವಾರವಾಗಿತ್ತು. ಅಪ್ಪನಿಗೆ ಏನಾದರೂ ಹೇಳಬೇಕೆಂದರೆ ಅವಳು ಮೊದಲು ಅವರ ತೋಳು ತಟ್ಟುತ್ತಿದ್ದಳು, ಅವರು ತಿರುಗಿ ತನ್ನ ಬಾಯಿ ನೋಡಿದ ಮೇಲೆಯೇ ಮಾತಾಡುತ್ತಿದ್ದಳು. ಹಾಗೆ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿದ್ದ ಹಾಗಿರಲಿಲ್ಲ, ಅಷ್ಟು ರೂಢಿಯಾಗಿತ್ತು.

"ನೋಡವ್ವಾ, ಇವ್ರ ಅಕ್ಕಾರು," ಎಂದರು ಅಣ್ಣ, ಇಡೀ ಕ್ಲಿನಿಕ್ಕಿಗೆ ಕೇಳುವ ಹಾಗೆ. "ಇವ್ರಿಂದನ ನೀ ಸಾಲಿ ಮುಗಿಸಿದಿ. ನಮಸ್ಕಾರ ಮಾಡು."

ಹುಡುಗಿ ನಿಜವಾಗಿಯೂ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ.

ಅವರನ್ನು ಕೋಣೆಯಲ್ಲಿ ಕೂರಿಸಿದೆ. ಹುಡುಗಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಳು. ಬಲಗಿವಿಯಿಂದ ಶುರು ಮಾಡಿದೆ, ಈ ಸಲ ನಿಯಮದ ಪ್ರಕಾರ, ಬಿಡುವನ್ನು ಹೆಚ್ಚು ಕಡಿಮೆ ಮಾಡುತ್ತಾ. ಕೆಳಗಿನ ಸ್ವರಗಳಿಗೆ ಹೇಗೋ ದೀಪ ಹೊತ್ತಿತು. ಎತ್ತರದ ಸ್ವರಗಳಿಗೆ ಬಂದಾಗ ನಿಂತುಹೋಯಿತು. ದೊಡ್ಡದು ಮಾಡಿದೆ. ಇಲ್ಲ. ಇನ್ನೂ ದೊಡ್ಡದು ಮಾಡಿದೆ. ಇಲ್ಲ. ಹೋದ ವರ್ಷ ಚೆನ್ನಾಗಿದ್ದ ಕಿವಿ. ಕೀಲಿಯಿಂದ ಕೈ ತೆಗೆದು ಮೇಜಿನ ಮೇಲಿಟ್ಟೆ.

ಆಗ ದೀಪ ಹೊತ್ತಿತು.

ಮೂರು ಸೆಕೆಂಡು ಬಿಟ್ಟು ಮತ್ತೆ ಹೊತ್ತಿತು. ಮತ್ತೆ ಮೂರು ಸೆಕೆಂಡು, ಮತ್ತೆ ದೀಪ. ಗಾಜಿನಾಚೆ ಅಣ್ಣ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ನಾನು ಕಲಿಸಿಕೊಟ್ಟ ತಾಳದಲ್ಲಿ ಬಟನ್ ಒತ್ತುತ್ತಾ ಇದ್ದರು.

"ಆಂಟಿ, ಆರ್ ಯೂ ಪ್ಲೇಯಿಂಗ್ ಇಟ್ ನೌ?" ಹುಡುಗಿ ನನ್ನ ಕೈ ನೋಡುತ್ತಿದ್ದಳು.

"ಇಲ್ಲ."

"ದೆನ್ ಪಪ್ಪಾ ಯಾಕೆ ಪ್ರೆಸ್ ಮಾಡ್ತಿದ್ದಾರೆ?"

"ಕಿವಿಯೊಳಗೇ ಒಂದು ಸದ್ದು ಶುರುವಾಗಿರ್ತದೆ ಮಗಾ. ಅದೇ ಬೀಪ್ ಅಂದ್ಕೊಂಡಿರಬಹುದು." ಹಾಗೂ ಆಗುವುದುಂಟು. ನಾನು ಪೂರ್ತಿ ಸುಳ್ಳನ್ನೇನೂ ಹೇಳಲಿಲ್ಲ.

"ಬಟ್ ಲಾಸ್ಟ್ ಇಯರ್ ಹಿ ವಾಸ್ ಫಿಟ್, ನೋ? ಒಂದೇ ವರ್ಷದಲ್ಲಿ ಇಷ್ಟಾಯ್ತಾ?"

"ಹೂಂ," ಎಂದೆ. "ಒಂದೇ ವರ್ಷದಲ್ಲಿ."

ಎಡಗಿವಿಯನ್ನೂ ಮುಗಿಸಿ ಎಲ್ಲವನ್ನೂ ಇದ್ದ ಹಾಗೆ ಬರೆದೆ. ಕಿವಿ ಕೆಟ್ಟಷ್ಟೂ ಗುರುತು ಕೆಳಗಿಳಿಯುತ್ತದೆ. ಗುರುತುಗಳೆಲ್ಲ ಕಾಗದದ ಕೆಳತುದಿಗೆ ಬಂದು ಬಿದ್ದವು. ಕಾಗದ ತೆಗೆದುಕೊಂಡು ಡಾಕ್ಟರ ಸೀಲು ಹಾಕಿಸಲು ಹುಡುಗಿ ಕೆಳಗೆ ಹೋದಳು. ಅಣ್ಣ ಹೊರಗೆ ಬಂದು ಅವಳು ಕೂತಿದ್ದ ಸ್ಟೂಲಿನಲ್ಲಿ ಕೂತು, ಎಲ್ಲ ಬರೋಬ್ಬರಿ ಆಯಿತಲ್ಲ ಎನ್ನುವ ಹಾಗೆ ನನ್ನನ್ನು ನೋಡಿ ನಕ್ಕರು.

ಆಗ ನಾನು ಹೇಳಿದೆ. ನಿಮ್ಮನ್ನು ಸ್ಟೋರಿಗೆ ಹಾಕುತ್ತಿದ್ದರು ಅಣ್ಣ, ಮನೆಗೆ ಕಳಿಸುತ್ತಿರಲಿಲ್ಲ. ವೀಸಾ ಇರುತ್ತಿತ್ತು, ಮಗಳ ಓದೂ ಮುಗಿಯುತ್ತಿತ್ತು, ಈ ಕಿವಿಯೂ ಉಳಿಯುತ್ತಿತ್ತು. ಅದು ನನಗೆ ನವೆಂಬರಿನಲ್ಲೇ ಗೊತ್ತಾಗಿತ್ತು, ನಾನು ಹೇಳಲಿಲ್ಲ. ಮೆಷಿನ್ನಿನ ಕಡೆ ಮುಖ ಮಾಡಿಕೊಂಡು, ವೈರುಗಳನ್ನು ಸುತ್ತುತ್ತಾ, ಒಂದು ಮಾತನ್ನೂ ಬಿಡದೆ ಹೇಳಿದೆ.

"ಹೂನ್ರಿ ಅಕ್ಕಾರ, ಹೂನ್ರಿ," ಎಂದು ಅವರು ತಲೆಯಾಡಿಸಿದರು.

ಎಲ್ಲವನ್ನೂ ಹೇಳಿದೆ, ಆದರೆ ಮೆಲ್ಲಗೆ ಹೇಳಿದೆ. ಎಷ್ಟು ಮೆಲ್ಲಗೆ ಮಾತಾಡಿದರೆ ಅವರಿಗೆ ಕೇಳಿಸುವುದಿಲ್ಲ ಎಂಬುದನ್ನು ಐದು ನಿಮಿಷದ ಹಿಂದೆ ನಾನೇ ಅಳೆದು ಬರೆದಿದ್ದೆ.